ದೃಷ್ಟಿ ಬೊಟ್ಟು

ನಮ್ಮಮ್ಮನ ಪ್ರಕಾರ ನನ್ನದು ಕೆಟ್ಟ ಕಣ್ಣು. ಚಿಕ್ಕವನಿದ್ದಾಗ ಪಕ್ಕದ ಮನೆಯ ಹಸು ನೋಡಿ "ಅಬ್ಬಾ, ಎಷ್ಟೊಂದು ಹಾಲು!" ಎಂದಿದ್ದೆನಂತೆ. ಮಾರನೇ ದಿನ ಅದು ಒದ್ದು ತಂಬಿಗೆಯನ್ನೇ ಉರುಳಿಸಿತಂತೆ. ಆಮೇಲೆ ಯಾರ ಮನೆಗೆ ಕೂಸು ನೋಡಲು ಹೋದರೂ ಅಮ್ಮ ಬಾಗಿಲಲ್ಲೇ ನನ್ನ ಕೈ ಹಿಂಡಿ, "ಬಾಯಿ ಮುಚ್ಕೊಂಡಿರು" ಎನ್ನುತ್ತಿದ್ದಳು. ಆಗ ನಗು ಬರುತ್ತಿತ್ತು. ಬೆಂಗಳೂರಿಗೆ ಬಂದು, ವೆಬ್‌ಸೈಟು ಕಟ್ಟುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ಹದಿನೆಂಟು ವರ್ಷವಾಯಿತು. ಈಗ ಬರುವುದಿಲ್ಲ. ನಾನು ಬಾಯ್ತುಂಬ ಹೊಗಳಿದ ಸಾಫ್ಟ್‌ವೇರು ಒಂದೂ ಉಳಿದಿಲ್ಲ.

ಮೊದಲ ಬಲಿ ಫ್ಲ್ಯಾಶ್, ವೆಬ್ ಪುಟದಲ್ಲಿ ಚಿತ್ರ ಕುಣಿಸಿ ಹಾಡು ಹಾಡಿಸುತ್ತಿದ್ದ ಅಡೋಬಿ ಕಂಪನಿಯ ಸಾಫ್ಟ್‌ವೇರು. 2009ರಲ್ಲಿ ದೊಡ್ಡಪ್ಪನ ಮಗಳ ಮದುವೆಗೆ ಫ್ಲ್ಯಾಶ್‌ನಲ್ಲೇ ಲಗ್ನಪತ್ರಿಕೆ ಮಾಡಿದ್ದೆ. ಕ್ಲಿಕ್ ಮಾಡಿದರೆ ದೇವಸ್ಥಾನದ ಬಾಗಿಲು ಕಿರ್ರೆಂದು ತೆರೆಯಬೇಕು. ಎರಡೂ ಕಡೆ ಬಾಳೆಕಂಬ ಎದ್ದು ನಿಲ್ಲಬೇಕು. ನಾದಸ್ವರ ಶುರುವಾಗಬೇಕು. ಆಮೇಲೆ ಗಣಪತಿ, ಗಣಪತಿಯ ಕೆಳಗೆ ಹುಡುಗ ಹುಡುಗಿಯ ಹೆಸರು ಒಂದೊಂದೇ ಅಕ್ಷರವಾಗಿ ಹೂವಿನ ಹಾಗೆ ಉದುರಬೇಕು. ಹತ್ತು ರಾತ್ರಿ ಕೂತೆ. ಅದರಲ್ಲಿ ಎರಡು ರಾತ್ರಿ ಬಾಳೆ ಎಲೆ ಗಾಳಿಗೆ ಅಲ್ಲಾಡಿಸುವುದಕ್ಕೇ ಹೋಯಿತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿ, "ಮುಹೂರ್ತ ಎಷ್ಟು ಗಂಟೆಗೆ ಅಂತ ಎಲ್ಲಿ ಬರ್ದಿದೀಯೋ?" ಎಂದರು. ಅದು ಬರುವುದಕ್ಕೆ ಇನ್ನೂ ಒಂದು ನಿಮಿಷ ಇತ್ತು.

ಮದುವೆ ಊಟದ ಪಂಕ್ತಿಯಲ್ಲಿ ಕೂತು, "ಇನ್ನು ಇಪ್ಪತ್ತು ವರ್ಷ ವೆಬ್ ಅಂದ್ರೆ ಫ್ಲ್ಯಾಶೇ" ಎಂದು ಸಾರಿದೆ. ಮಾರನೇ ವರ್ಷ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದರು. ಫ್ಲ್ಯಾಶ್ ಬ್ಯಾಟರಿ ತಿನ್ನುತ್ತದೆ, ಭದ್ರತೆ ಸಾಲದು, ಬೆರಳಲ್ಲಿ ಮುಟ್ಟುವ ಪರದೆಗೆ ಒಗ್ಗುವುದಿಲ್ಲ, ಐಫೋನಿಗೆ ಬೇಡವೇ ಬೇಡ ಎಂದು. ಅಲ್ಲಿಂದ ಹತ್ತು ವರ್ಷ ಎಳೆದಾಡಿಕೊಂಡು ಬದುಕಿತು. 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಎಳ್ಳುನೀರು ಬಿಟ್ಟಿತು. ಮೊನ್ನೆ ಆ ಅಕ್ಕನ ಮಗಳು "ಮಾಮ, ಅಪ್ಪ ಅಮ್ಮನ ಮದುವೆ ಕಾರ್ಡು ತೋರ್ಸು" ಎಂದಳು. ಬ್ರೌಸರಿನಲ್ಲಿ ತೆರೆದರೆ ಖಾಲಿ ಚೌಕ. ಹಳೇ ಫ್ಲ್ಯಾಶ್ ಫೈಲು ಓಡಿಸುವುದಕ್ಕೆಂದೇ ರಫಲ್ ಅಂತ ಒಂದಿದೆ, ಅದರಲ್ಲಿ ಹಾಕಿದೆ. ಬಾಗಿಲು ತೆರೆಯಿತು, ನಾದಸ್ವರ ಬಂತು. ಗಣಪತಿ ಬರಲಿಲ್ಲ.

ಆಮೇಲೆ ಗೂಗಲ್ ರೀಡರ್, ನಮಗೆ ಬೇಕಾದ ಬ್ಲಾಗು, ಸುದ್ದಿ ಸೈಟುಗಳ ಹೊಸ ಬರಹವನ್ನೆಲ್ಲ ಒಂದೇ ಕಡೆ ತಂದುಕೊಡುತ್ತಿದ್ದದ್ದು. ಬೆಳಗ್ಗೆ ಕಾಫಿ ಲೋಟದ ಜೊತೆ ಅದೂ ಬೇಕಿತ್ತು. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. 2013ರ ಜುಲೈನಲ್ಲಿ ಮುಚ್ಚಿದರು. ವೆಬ್‌ಸೈಟು ಕಟ್ಟುವ ಸಲಕರಣೆ ಆಂಗ್ಯುಲರ್‌ಜೆಎಸ್ ಕಲಿತು, ಒಂದು ಇಂಟರ್‌ವ್ಯೂನಲ್ಲಿ ಅದರ ಮೇಲೆ ಅರ್ಧ ಗಂಟೆ ಭಾಷಣ ಬಿಗಿದು ಕೆಲಸ ಗಿಟ್ಟಿಸಿದೆ. 2016ರಲ್ಲಿ ಅದನ್ನು ಬುಡದಿಂದ ಬೇರೆಯಾಗಿ ಬರೆದು, ಹೆಸರು ಮಾತ್ರ ಹೆಚ್ಚುಕಡಿಮೆ ಅದೇ ಇಟ್ಟರು. ಹಳೇ ಕೋಡಿಗೂ ಹೊಸದಕ್ಕೂ ನೆಂಟಸ್ತಿಕೆ ಇಲ್ಲ.

ಆ್ಯಟಮ್ ಎಂಬ ಕೋಡು ಬರೆಯುವ ಎಡಿಟರಿನದು ಇನ್ನೂ ಸಂಕಟದ ಕತೆ. ಕೋಡು ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನವರು 2014ರಲ್ಲಿ ಬಿಡುಗಡೆ ಮಾಡಿದರು. ನೋಡಲು ಚಂದ, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ತೆರೆಯಲು ಮಾತ್ರ ಅದು ಎದ್ದು, ಮುಖ ತೊಳೆದು, ಸಂಧ್ಯಾವಂದನೆ ಮುಗಿಸಿ ಬರಬೇಕು. ಪರವಾಗಿಲ್ಲ ಎಂದುಕೊಂಡೆ. ಟೀಮಿನ ಆರೂ ಜನಕ್ಕೆ ನಾನೇ ಕೂತು ಇನ್‌ಸ್ಟಾಲ್ ಮಾಡಿಕೊಟ್ಟೆ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಕೊಟ್ಟು ಗಿಟ್‌ಹಬ್ಬನ್ನೇ ಕೊಂಡಿತು. ಮೈಕ್ರೋಸಾಫ್ಟಿಗೆ ಆಗಲೇ ವಿಎಸ್ ಕೋಡ್ ಎಂಬ ತನ್ನದೇ ಎಡಿಟರ್ ಇತ್ತು. ಒಂದೇ ಮನೆಯಲ್ಲಿ ಇಬ್ಬರು ಸೊಸೆಯರು, ಒಲೆ ಒಂದೇ. ಏನಾಗಬೇಕೋ ಅದೇ ಆಯಿತು. 2022ರ ಡಿಸೆಂಬರ್‌ನಲ್ಲಿ ಆ್ಯಟಮ್ ಮುಗಿಯಿತು. ತಮಾಷೆ ಏನೆಂದರೆ, ವಿಎಸ್ ಕೋಡ್ ನಿಂತಿರುವುದು ಎಲೆಕ್ಟ್ರಾನ್ ಎಂಬ ಅಡಿಪಾಯದ ಮೇಲೆ. ಅದನ್ನು ಮೊದಲು ಕಟ್ಟಿದ್ದೇ ಆ್ಯಟಮ್‌ಗಾಗಿ.

ನಾನು ಬೈದದ್ದೆಲ್ಲ ಮಾತ್ರ ಗುಂಡುಕಲ್ಲಿನ ಹಾಗಿದೆ.

ವೆಬ್ ಪುಟಕ್ಕೆ ಜೀವ ತುಂಬುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟನ್ನೇ ನೋಡಿ. 1995ರ ಮೇ ತಿಂಗಳಲ್ಲಿ, ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಬರೆದರು. ಹತ್ತು ದಿನ ಅಂದರೆ ನಮ್ಮ ಕಡೆ ಪುರುಡು. ಹನ್ನೊಂದನೇ ದಿನ ನೀರು ಹಾಕಿ ಹೆಸರಿಡುತ್ತೇವೆ. ಈ ಕೂಸಿನ ನಾಮಕರಣ ಡಿಸೆಂಬರ್ ತನಕ ನಡೆಯಿತು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಕೊನೆಗೆ ಜಾವಾಸ್ಕ್ರಿಪ್ಟ್. ಜಾವಾ ಎಂಬ ಇನ್ನೊಂದು ಭಾಷೆ ಆಗ ಊರಿನ ಸಾಹುಕಾರ. ಅವನ ಹೆಸರಿಟ್ಟರೆ ಕೂಸಿಗೂ ನಾಲ್ಕು ಜನ ಮರ್ಯಾದೆ ಕೊಡುತ್ತಾರೆ ಅಂತ ಅಷ್ಟೇ, ರಕ್ತಸಂಬಂಧ ಏನೂ ಇಲ್ಲ. ಅವಸರದ ಗುರುತು ಇನ್ನೂ ಮೈಮೇಲಿದೆ. 'ಏನೂ ಇಲ್ಲ' ಎಂದು ಹೇಳಲು ಅದರಲ್ಲಿ ನಲ್ ಎಂದಿದೆ. ಈ ನಲ್ ಯಾವ ಜಾತಿಯದು ಎಂದು ಕೇಳಿದರೆ ಆಬ್ಜೆಕ್ಟ್, ಅಂದರೆ 'ವಸ್ತು', ಎನ್ನುತ್ತದೆ. ತಪ್ಪು ಅಂತ ಎಲ್ಲರಿಗೂ ಗೊತ್ತು. ತಿದ್ದಿದರೆ ಹಳೇ ಸೈಟುಗಳು ಕೆಟ್ಟುಹೋಗುತ್ತವೆ ಎಂದು ಹಾಗೇ ಬಿಟ್ಟಿದ್ದಾರೆ.

ನನ್ನ ನಿಜವಾದ ಜಗಳ ಬೇರೆ. ಒಂದು ಕನ್ನಡ ಸುದ್ದಿ ಸೈಟಿನ ಕೆಲಸ ಮಾಡುತ್ತಿದ್ದೆ. ತಲೆಬರಹ ಉದ್ದವಾದರೆ ಐವತ್ತು ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ ಇಡಬೇಕು. ಒಂದು ಸಾಲಿನ ಕೋಡು, ಕಾಫಿ ಆರುವ ಮೊದಲು ಮುಗಿಯಿತು. ಮಾರನೇ ಬೆಳಗ್ಗೆ ಆರೂವರೆಗೆ ಸಂಪಾದಕರ ಫೋನು. "ಏನ್ರೀ, ಮುಖ್ಯಮಂತ್ರಿಗಳನ್ನ ಮುಖ್ಯಮಂತ್ರ ಮಾಡಿಟ್ಟಿದೀರಲ್ಲ! ಯಾವ ದೇವರ ಮಂತ್ರ ಅದು?"

ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದೆ. ನಾವು ಮು, ಖ್ಯ, ಮಂ, ತ್ರಿ ಎಂದು ನಾಲ್ಕು ಅಕ್ಷರ ಓದುತ್ತೇವೆ. ಜಾವಾಸ್ಕ್ರಿಪ್ಟನ್ನು ಉದ್ದ ಎಷ್ಟಪ್ಪಾ ಎಂದು ಕೇಳಿದರೆ ಹನ್ನೊಂದು ಎಂದಿತು. ಮ, ಕೊಂಬು, ಖ, ಹಲಂತ, ಯ, ಮ, ಸೊನ್ನೆ, ತ, ಹಲಂತ, ರ, ಗುಡಿಸು. ಬೆರಳು ಮಡಚಿ ಎರಡು ಸಲ ಎಣಿಸಿದೆ, ಹನ್ನೊಂದೇ. ನನ್ನ ಕತ್ತರಿ ಸರಿಯಾಗಿ ರಕಾರಕ್ಕೂ ಗುಡಿಸಿಗೂ ನಡುವೆ ಬಿದ್ದಿತ್ತು. ಸ್ತ್ರೀ ಅನ್ನುವುದನ್ನು ಹಾಕಿ ನೋಡಿದೆ. ಒಂದು ಅಕ್ಷರ, ಅದರ ಲೆಕ್ಕದಲ್ಲಿ ಆರು. ಕನ್ನಡವನ್ನು ಹೀಗೆ ಬಿಡಿಸಿಟ್ಟಿದ್ದು ಯೂನಿಕೋಡ್ ಎಂಬ, ಎಲ್ಲ ಲಿಪಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಪದ್ಧತಿ, ಹಾಗೆ ಇಡುವುದಕ್ಕೆ ಕಾರಣವೂ ಇದೆ. ನೋಡದೆ ಕತ್ತರಿ ಹಾಕಿದ್ದು ನಾನು. ಆದರೂ ಬೈಯಲು ಎದುರಿಗೆ ಯಾರಾದರೂ ಬೇಕಲ್ವಾ? ಜಾವಾಸ್ಕ್ರಿಪ್ಟಿನ ಹತ್ತು ತಲೆಮಾರು ಜಾಲಾಡಿದೆ. ಎಂಟು ಗಂಟೆಗೆ, ಪದದ ನಡುವೆ ಮುಟ್ಟಬೇಡ, ಪದ ಮುಗಿದ ಕಡೆ ಕತ್ತರಿಸು ಎಂದು ಕೋಡು ಬದಲಿಸಿ ಮಲಗಿದೆ. ಜಾವಾಸ್ಕ್ರಿಪ್ಟಿಗೆ ಒಂದು ಕೂದಲೂ ಕೊಂಕಲಿಲ್ಲ. ಬ್ರೌಸರಿನಿಂದ ಸರ್ವರಿಗೆ, ಸರ್ವರಿನಿಂದ ಮೊಬೈಲಿಗೆ ಹಬ್ಬಿಕೊಂಡಿತು.

ಪಿಎಚ್‌ಪಿಯನ್ನೂ ಕಮ್ಮಿ ಬೈದಿಲ್ಲ. ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ, ತಮ್ಮ ಬಯೋಡೇಟಾ ಪುಟವನ್ನು ಯಾರು ನೋಡಿ ಹೋಗುತ್ತಾರೆ ಎಂದು ತಿಳಿಯಲು ಬರೆದುಕೊಂಡ ಪುಟ್ಟ ಪ್ರೋಗ್ರಾಮುಗಳು ಬೆಳೆದು ಭಾಷೆಯಾದವು. ಅದರಲ್ಲಿ ಹುಡುಕುವ ಫಂಕ್ಷನ್‌ಗಳಿಗೆ ಎರಡು ಸಂಗತಿ ಕೊಡಬೇಕು. ಅವುಗಳ ಹೆಸರೇ ಸೂಜಿ ಮತ್ತು ಬಣವೆ. ಒಂದು ಫಂಕ್ಷನ್ನಿಗೆ ಮೊದಲು ಸೂಜಿ ಕೊಡಬೇಕು, ಇನ್ನೊಂದಕ್ಕೆ ಮೊದಲು ಬಣವೆ. ಯಾವುದಕ್ಕೆ ಯಾವುದು ಎಂದು ಇವತ್ತಿಗೂ ನೋಡಿಯೇ ಬರೆಯುತ್ತೇನೆ. "ಇದು ಇನ್ನೆರಡು ವರ್ಷ" ಎಂದು 2011ರಲ್ಲಿ ಹೇಳಿದ್ದೆ. ಅದರ ಮೇಲೆ ನಿಂತ, ಸೈಟು ಕಟ್ಟಿಕೊಡುವ ವರ್ಡ್‌ಪ್ರೆಸ್ ಒಂದೇ ಈಗ ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕೂ ಜಾಸ್ತಿ ನಡೆಸುತ್ತಿದೆ. ಇನ್ನು ಮೈಕ್ರೋಸಾಫ್ಟಿನ ಹಳೇ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಭೂಮಿ ಮೇಲಿರುವ ವೆಬ್ ಡೆವಲಪರುಗಳೆಲ್ಲ ಸೇರಿ ಹಗಲೂ ರಾತ್ರಿ ಶಾಪ ಹಾಕಿದೆವು. 1995ರಲ್ಲಿ ಹುಟ್ಟಿದ್ದು 2022ರ ಜೂನ್ ತನಕ ಕಾಲ ಹಾಕಿತು. ನಾವು ಯಾರನ್ನೂ ಅಷ್ಟು ಒಗ್ಗಟ್ಟಾಗಿ ಹೊಗಳಿಲ್ಲ.

ಇದನ್ನೆಲ್ಲ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದಾಗ ಒಬ್ಬ ಗೆಳೆಯ, "ಕಣ್ಣೂ ಇಲ್ಲ ಮಣ್ಣೂ ಇಲ್ಲ ಗುರು" ಎಂದ. ಅವನ ವಾದ ಹೀಗೆ. ನನಗೆ ಇಷ್ಟವಾಗುವುದು ಒಂದೇ ಕಂಪನಿ ಒಪ್ಪವಾಗಿ ಮಾಡಿಟ್ಟ ಸಾಮಾನು. ಕಂಪನಿಗೆ ಬೇಸರ ಬಂದ ದಿನ ಅದರ ಕತೆ ಮುಗಿಯಿತು. ನಾನು ಬೈಯುವುದು ದಿನಾ ಬಳಸುವುದನ್ನು. ಎಲ್ಲರೂ ದಿನಾ ಬಳಸುವುದನ್ನು ಯಾರು ತಾನೇ ಕಿತ್ತು ಹಾಕುತ್ತಾರೆ? ಸರಿ ಅನ್ನಿಸಿತು. ಆದರೆ ಅವನು ಮಾತು ಮುಗಿಸಿ, ಟಿಫಿನ್ ಡಬ್ಬಿ ತೆರೆದು, ಅವರತ್ತೆ ಮಾಡಿದ ಹಿತಕಿದ ಅವರೆಕಾಳು ಸಾರು ನನಗೂ ಬಡಿಸಿದ. "ಆಹಾ, ಇಂಥ ಸಾರು ತಿಂದೇ ಇಲ್ಲ" ಎಂದೆ. ಮಾರನೇ ದಿನದಿಂದ ಅವರತ್ತೆ ಊರಿಗೆ ಹೋದರು, ಡಬ್ಬಿಯಲ್ಲಿ ಚಿತ್ರಾನ್ನ. ಆಮೇಲೆ ಅವನು ಆ ವಾದ ಎತ್ತಿಲ್ಲ.

ಈಗ ನನ್ನ ಹೊಟ್ಟೆಪಾಡು ವಿಎಸ್ ಕೋಡ್‌ನಲ್ಲಿ. ಹೇಗಿದೆ ಎಂದು ಇಲ್ಲಿ ಬರೆಯುವುದಿಲ್ಲ. ಹೋದ ವಾರ ಟೀಮಿಗೆ ಹೊಸದಾಗಿ ಸೇರಿದ ದಾವಣಗೆರೆ ಹುಡುಗ ಕುರ್ಚಿ ಎಳೆದುಕೊಂಡು ಪಕ್ಕ ಕೂತ.

"ಅಣ್ಣಾ, ಯಾವ ಎಡಿಟರ್ ಬೆಸ್ಟು?"

"ಯಾವ್ದೂ ಸರಿ ಇಲ್ಲ."

"ಮತ್ತೆ ನೀವು ವಿಎಸ್ ಕೋಡೇ ಬಳಸ್ತೀರಲ್ಲ?"

"ಹಾಳಾದ್ದು, ಮೆಮೊರಿ ತಿಂದು ತೇಗುತ್ತೆ. ದಿನಾ ಒಂದು ಅಪ್‌ಡೇಟು. ಬೇರೆ ಗತಿ ಇಲ್ಲ ಅಂತ ಇಟ್ಕೊಂಡಿದೀನಿ." ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಹಿಂದಿನ ಸಾಲಿನವರೂ ತಿರುಗಿ ನೋಡಿದರು.

ಹುಡುಗ ತಲೆಯಾಡಿಸುತ್ತಾ ನನ್ನ ಸ್ಕ್ರೀನಿಗೆ ಮುಖ ಹತ್ತಿರ ತಂದ. ಅಮ್ಮ ಆಯುಧಪೂಜೆಗೆ ಬಂದಿದ್ದಾಗ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಹೋಗುವ ಮುಂಚೆ ಕಾಡಿಗೆ ಡಬ್ಬಿ ಕೇಳಿ ಇಸಿದುಕೊಂಡಿದ್ದಳು.

"ಅಣ್ಣಾ, ಇಲ್ಲಿ ಕೆಳಗೆ ಎಡಗಡೆ ಮೂಲೇಲಿ ಒಂದು ಪಿಕ್ಸೆಲ್ ಸತ್ತಿದೆ" ಎಂದು ಬೆರಳು ಚಾಚಿದ.

"ಏಯ್, ಮುಟ್ಬೇಡ" ಎಂದೆ.