ಬರಗಾಲದಲ್ಲಿ ದೇವಾಲಯ ಕಟ್ಟಿ ಎಂದ ಹಗ್ಗಾಯನ ಮಾತು ಸರಿಯೇ?

ಹೀಬ್ರೂ ಬೈಬಲ್ಲಿನ ಹನ್ನೆರಡು ಕಿರುಪ್ರವಾದಿಗಳಲ್ಲಿ ಹಗ್ಗಾಯನದು ಎರಡೇ ಅಧ್ಯಾಯಗಳ, 38 ವಚನಗಳ ಪುಸ್ತಕ. ಕ್ರಿ.ಪೂ. 520, ಪರ್ಷಿಯದ ದೊರೆ ದಾರ್ಯಾವೆಷನ ಆಳ್ವಿಕೆಯ ಎರಡನೆಯ ವರ್ಷ, ಆರನೆಯ ತಿಂಗಳ ಮೊದಲ ದಿನ. ಯೆಹೂದದಲ್ಲಿ ಮಳೆ ಕೈಕೊಟ್ಟು ಬೆಳೆ ಒಣಗಿತ್ತು. ಆ ದಿನ ಅವನು ಜೆರುಸಲೇಮಿನಲ್ಲಿ ಹೇಳಿದ್ದು ಇಷ್ಟು: ಬೆಟ್ಟ ಹತ್ತಿ ಮರ ತನ್ನಿ, ಪಾಳುಬಿದ್ದ ದೇವಾಲಯವನ್ನು ಕಟ್ಟಿ.

ಪರ

ಬಡವರ ಹೊಟ್ಟೆಯ ಮೇಲೆ ಹೊಡೆದು ಗುಡಿ ಕಟ್ಟಿಸಿದ ಎಂಬ ಆಪಾದನೆ ಹಗ್ಗಾಯನ ಮೇಲೆ ಸುಲಭವಾಗಿ ಬೀಳುತ್ತದೆ. ಅವನು ಯಾರ ಮುಖ ನೋಡಿ ಮಾತನಾಡಿದ ಎಂಬುದನ್ನು ಗಮನಿಸಿದರೆ ಆ ಆಪಾದನೆ ನಿಲ್ಲುವುದಿಲ್ಲ. ಮೊದಲ ಮಾತು ಹೋದದ್ದು ದೇಶಾಧಿಪತಿ ಜೆರುಬ್ಬಾಬೆಲನಿಗೆ, ಮಹಾಯಾಜಕ ಯೆಹೋಶುವನಿಗೆ. ಆಮೇಲೆ ಅವನು ಕೇಳುತ್ತಾನೆ: ಈ ಆಲಯ ಹಾಳುಬಿದ್ದಿರುವಾಗ ನೀವು ಮರದ ಹಲಗೆ ಹೊದಿಸಿದ ಮನೆಗಳಲ್ಲಿ ಕೂರುವುದಕ್ಕೆ ಕಾಲ ಬಂತೇ? ಆ ಹಲಗೆಯ ಕೆಲಸಕ್ಕೆ ಅವನು ಬಳಸಿದ ಹೀಬ್ರೂ ಪದವನ್ನೇ ಹಿಂದಿನ ಪ್ರವಾದಿ ಯೆರೆಮೀಯನು ಯೆಹೂದದ ಅರಸ ಯೆಹೋಯಾಕೀಮನ ದೇವದಾರಿನ ಅರಮನೆಯನ್ನು ಹಳಿಯುವಾಗ ಬಳಸಿದ್ದ. ಕಲ್ಲು ಮಣ್ಣಿನ ಗುಡಿಸಲಿನ ರೈತನಿಗೆ ಈ ಪ್ರಶ್ನೆ ತಾಗುವುದಿಲ್ಲ. ತಾಗುವುದು ಉಳ್ಳವರಿಗೆ.

ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಆ ದೇವಾಲಯವನ್ನು ಸುಟ್ಟಿತ್ತು. 538ರಲ್ಲಿ ಪರ್ಷಿಯದ ದೊರೆ ಕೋರೆಷನು ಬಾಬಿಲೋನಿಗೆ ಸೆರೆಹೋದವರಿಗೆ ಊರಿಗೆ ಮರಳಲು, ದೇವಾಲಯವನ್ನು ಮತ್ತೆ ಕಟ್ಟಲು ಅಪ್ಪಣೆ ಕೊಟ್ಟ. ಬಂದವರು ಬಲಿಪೀಠ ಕಟ್ಟಿದರು, ಅಸ್ತಿವಾರ ಹಾಕಿದರು, ನೆರೆಯವರ ವಿರೋಧ ಬಂದೊಡನೆ ಕೈಬಿಟ್ಟರು. ಅಪ್ಪಣೆ ಕೈಯಲ್ಲಿದ್ದೂ ಸುಮಾರು ಹದಿನೆಂಟು ವರ್ಷ ಕಳೆಯಿತು. ‘ಇನ್ನೂ ಕಾಲ ಬಂದಿಲ್ಲ’ ಎಂಬುದು ಬರಗಾಲ ಹೇಳಿಸಿದ ಮಾತಲ್ಲ, ರೂಢಿಯಾಗಿ ಹೋಗಿದ್ದ ನೆಪ.

ಅವನು ಚಿನ್ನ ಬೆಳ್ಳಿ ತನ್ನಿ ಎನ್ನಲಿಲ್ಲ ಎಂಬುದನ್ನೂ ನೋಡಬೇಕು. ಬೆಂಕಿಗೆ ಬೂದಿಯಾಗುವುದು ಮರ. ಕಲ್ಲು ಪಾಳಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಕೇಳಿದ್ದು ಬೆಟ್ಟದ ಮರ, ಮೈಮುರಿಯುವ ದುಡಿಮೆ. ಕೇಳಿದ ಕಾಲವೂ, ನಮ್ಮ ಲೆಕ್ಕದಲ್ಲಿ ಆಗಸ್ಟ್ ಕೊನೆ, ತಕ್ಕದ್ದೇ. ಆ ಹೊತ್ತಿಗೆ ಗೋದಿ, ಜವೆಗೋದಿಯ ಕೊಯ್ಲು ಮುಗಿದಿರುತ್ತದೆ, ಬಿತ್ತನೆಗೆ ಬೇಕಾದ ಮೊದಲ ಮಳೆ ಇನ್ನೂ ಬಂದಿರುವುದಿಲ್ಲ. ಅವನು ನುಡಿದ 23 ದಿನಗಳಲ್ಲಿ ಕೆಲಸ ಶುರುವಾಯಿತು. ಪ್ರವಾದಿಯ ಮಾತಿಗೆ ಜನ ಇಷ್ಟು ಬೇಗ ಓಗೊಟ್ಟದ್ದು ಬೈಬಲ್ಲಿನಲ್ಲಿ ಅಪರೂಪ.

ಏಳನೆಯ ತಿಂಗಳ 21ನೆಯ ದಿನ, ಪರ್ಣಶಾಲೆಗಳ ಹಬ್ಬದ ಏಳನೆಯ ದಿನ, ಅವನು ಮತ್ತೆ ಮಾತನಾಡಿದ. ಈ ದಿನವೇ ನನ್ನ ಮನಸ್ಸಿನಲ್ಲಿ ನಿಂತಿದೆ. ಹಳೆಯ ದೇವಾಲಯವನ್ನು ಕಣ್ಣಾರೆ ಕಂಡವರು ಬದುಕಿದ್ದರೆ ಎಪ್ಪತ್ತು ದಾಟಿರಬೇಕು. ಅವರನ್ನೇ ಕರೆದು ಕೇಳುತ್ತಾನೆ: ನಿಮ್ಮಲ್ಲಿ ಯಾರು ಅದರ ಮೊದಲಿನ ವೈಭವವನ್ನು ನೋಡಿದ್ದೀರಿ? ಇದು ನಿಮ್ಮ ಕಣ್ಣಿಗೆ ಏನೂ ಅಲ್ಲ ಎನಿಸುತ್ತದೆಯಲ್ಲವೇ? ಆ ಮುದುಕರ ಎದೆಯ ನೋವನ್ನು ಅವನು ಮುಚ್ಚಿಡಲಿಲ್ಲ. ಧೈರ್ಯ ತಂದುಕೊಳ್ಳಿ, ಕೆಲಸ ಮಾಡಿ, ನಾನು ನಿಮ್ಮ ಸಂಗಡ ಇದ್ದೇನೆ ಎಂಬ ದೇವರ ಮಾತನ್ನು ಮುಟ್ಟಿಸಿದ.

ಆಗ ಯೆಹೂದ ಪರ್ಷಿಯ ಸಾಮ್ರಾಜ್ಯದ ಮೂಲೆಯ ಪುಟ್ಟ ಪ್ರಾಂತ. ಅರಸನಿಲ್ಲ, ದಂಡಿಲ್ಲ, ಊರಿಗೆ ಗೋಡೆಯೂ ಇಲ್ಲ. ಚದುರಿದ ಜನ ತಮ್ಮದು ಎಂದು ಹೇಳಿಕೊಂಡು ಕೂಡಿ ನಿಲ್ಲುವ ಜಾಗ ಅದೊಂದೇ ಆಗಿತ್ತು. ಅದಿಲ್ಲದೆ ಅವರು ಸುತ್ತಲಿನ ಜನರಲ್ಲಿ ಕರಗಿಹೋಗುವ ಭಯ ನಿಜವಾದದ್ದು. ಯೂಫ್ರೆಟಿಸ್ ಹೊಳೆಯಾಚೆಯ ಪರ್ಷಿಯ ಪ್ರಾಂತದ ಅಧಿಪತಿ ತತ್ತೆನೈ ಬಂದು ಯಾರ ಅಪ್ಪಣೆ ಎಂದು ಕೇಳಿದಾಗಲೂ ಕೆಲಸ ನಿಲ್ಲಲಿಲ್ಲ. ಕೋರೆಷನ ಆಜ್ಞೆಯ ದಾಖಲೆ ಸಿಕ್ಕ ಮೇಲೆ, ಖರ್ಚನ್ನು ಪ್ರಾಂತದ ಕಂದಾಯದಿಂದ ಕೊಡಬೇಕೆಂದು ದಾರ್ಯಾವೆಷನೇ ಬರೆದ ಎಂದು ಎಜ್ರನ ಪುಸ್ತಕ ಹೇಳುತ್ತದೆ. 515ರಲ್ಲಿ ದೇವಾಲಯ ಮುಗಿಯಿತು.

ಒಂಬತ್ತನೆಯ ತಿಂಗಳ 24ನೆಯ ದಿನ, ನಮ್ಮ ಲೆಕ್ಕದಲ್ಲಿ ಡಿಸೆಂಬರ್ ನಡುವೆ, ಹಗ್ಗಾಯ ಕೇಳಿದ: ಕಣಜದಲ್ಲಿ ಬೀಜ ಇನ್ನೂ ಇದೆಯೇ? ಇದ್ದ ಬೀಜ ಮಣ್ಣಿಗೆ ಹೋಗುವ ಕಾಲ ಅದು. ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರ ಯಾವುದೂ ಫಲ ಕೊಟ್ಟಿರಲಿಲ್ಲ. ಕೈ ಬರಿದಾಗಿದ್ದ ಆ ದಿನವೇ, ಇಂದಿನಿಂದ ಆಶೀರ್ವಾದ ಎಂದ. ಬಿತ್ತಿ ಕಾದು ಕುಳಿತವನಿಗೆ ಆ ಮಾತಿನ ತೂಕ ಗೊತ್ತು.

ವಿರೋಧ

ರೈತನೊಬ್ಬ ಇಪ್ಪತ್ತು ಅಳತೆ ಸಿಕ್ಕೀತೆಂದು ರಾಶಿಯ ಬಳಿಗೆ ಹೋದರೆ ಅಲ್ಲಿ ಹತ್ತೇ ಇತ್ತು. ದ್ರಾಕ್ಷಾರಸದ ತೊಟ್ಟಿಯಲ್ಲಿ ಐವತ್ತು ತೋಡಲು ಹೋದರೆ ಇಪ್ಪತ್ತೇ ಇತ್ತು. ಈ ಲೆಕ್ಕ ಹಗ್ಗಾಯನೇ ಕೊಟ್ಟದ್ದು. ಕಾಳಿನಲ್ಲಿ ಅರ್ಧ ಹೋಯಿತು, ರಸದಲ್ಲಿ ಅರ್ಧಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಪರ್ಷಿಯಕ್ಕೆ ಕಪ್ಪ, ಬರುವ ವರ್ಷಕ್ಕೆ ಬೀಜ, ಆಮೇಲೆ ಮಕ್ಕಳ ಬಾಯಿಗೆ. ಕೂಲಿಯವನು ಪಡೆದ ಕೂಲಿ ತೂತುಚೀಲಕ್ಕೆ ಬೀಳುತ್ತಿದೆ ಎಂದವನೂ ಅವನೇ. ಇಷ್ಟನ್ನೆಲ್ಲ ಕಂಡ ಕಣ್ಣು ಕೊನೆಗೆ ಆ ಕೂಲಿಯವನಿಗೇ ತಪ್ಪು ಹೊರಿಸುತ್ತದೆ.

ಅವನ ವಾದ ನಿಂತಿರುವುದು ಒಂದು ಶಬ್ದಚಮತ್ಕಾರದ ಮೇಲೆ. ಹೀಬ್ರೂವಿನಲ್ಲಿ ಪಾಳುಬಿದ್ದದ್ದು ‘ಹಾರೇವ್’, ಬರಗಾಲ ‘ಹೋರೆವ್’; ವ್ಯಂಜನಗಳು ಮೂರೂ ಅವೇ. ಆಲಯ ಹಾರೇವ್ ಆದ್ದರಿಂದ ನೆಲಕ್ಕೆ ಹೋರೆವ್ ಬಂತು ಎಂಬುದು ಕಿವಿಗೆ ಹಿಡಿಸುವ ಮಾತು, ನ್ಯಾಯದ ಮಾತಲ್ಲ. ಯೆಹೂದದ ಬೆಟ್ಟಗಳಿಗೆ ನೈಲ್ ನದಿಯಂಥ ಆಸರೆಯಿಲ್ಲ, ಮಳೆಯನ್ನೇ ನೆಚ್ಚಿದ ಬೇಸಾಯ. ದೇವಾಲಯ ನೆಟ್ಟಗಿದ್ದ ಕಾಲದಲ್ಲೂ ಅಲ್ಲಿ ಬರ ಬಂದಿತ್ತು. ಯೆರೆಮೀಯನ ಪುಸ್ತಕದಲ್ಲೇ ಬರಿಗೊಡ ಹೊತ್ತು ಮರಳುವ ಆಳುಗಳಿದ್ದಾರೆ. ಕಷ್ಟ ಬಂದವನು ಪಾಪಿಯೇ ಇರಬೇಕು ಎಂದ ಯೋಬನ ಗೆಳೆಯರನ್ನು ಅದೇ ಬೈಬಲ್ಲಿನ ದೇವರು ಗದರಿಸುತ್ತಾನೆ.

ಹಲಗೆ ಹೊದಿಸಿದ ಮನೆಗಳ ಮಾತಿನಿಂದ ಅವನು ಉಳ್ಳವರನ್ನಷ್ಟೇ ತಿವಿದ ಎಂದು ಸಾಧಿಸುವುದೂ ಕಷ್ಟ. ಆ ಪದಕ್ಕೆ ‘ಚಾವಣಿ ಹಾಕಿದ’ ಎಂಬ ಅರ್ಥವೂ ಇದೆ. ತಲೆಯ ಮೇಲೊಂದು ಸೂರು ಮಾಡಿಕೊಂಡದ್ದು ತಪ್ಪೇ?

ನನ್ನನ್ನು ಹೆಚ್ಚು ಕಾಡುವುದು ಅವನು ಹೇಳದೆ ಬಿಟ್ಟದ್ದು. 38 ವಚನಗಳಲ್ಲಿ ವಿಧವೆಯಿಲ್ಲ, ಅನಾಥನಿಲ್ಲ, ಸಾಲಗಾರನಿಲ್ಲ. ಎರಡು ವರ್ಷ ಕಳೆದು, 518ರಲ್ಲಿ, ಉಪವಾಸದ ಬಗ್ಗೆ ಕೇಳಲು ಬಂದವರಿಗೆ ಅವನ ಸಮಕಾಲೀನ ಜೆಕರ್ಯ ಕೊಟ್ಟ ಉತ್ತರ ಬೇರೆ: ಸತ್ಯಕ್ಕನುಸಾರ ನ್ಯಾಯ ತೀರಿಸಿ; ವಿಧವೆ, ಅನಾಥ, ಪರದೇಶಿ, ಬಡವ ಇವರನ್ನು ಹಿಂಸಿಸಬೇಡಿ. ಆಕಾಶ ನನ್ನ ಸಿಂಹಾಸನ, ನನಗೆ ಎಂಥ ಮನೆ ಕಟ್ಟುತ್ತೀರಿ ಎಂಬ ಪ್ರಶ್ನೆ ಯೆಶಾಯನ ಪುಸ್ತಕದ ಕೊನೆಯ ಅಧ್ಯಾಯದಲ್ಲಿದೆ. ಈ ದನಿ ಹಗ್ಗಾಯನಿಗೆ ಕೇಳಿಸಲಿಲ್ಲ.

ರಾಜಕೀಯವಾಗಿಯೂ ಅವನು ಎಡವಿದ. 522–521ರಲ್ಲಿ ಸಾಮ್ರಾಜ್ಯದ ತುಂಬ ದಂಗೆಗಳು. ಒಂದೇ ವರ್ಷದಲ್ಲಿ ಹತ್ತೊಂಬತ್ತು ಕಾಳಗ ಮಾಡಿ ಒಂಬತ್ತು ಅರಸರನ್ನು ಹಿಡಿದೆ ಎಂದು ದಾರ್ಯಾವೆಷನು ಇರಾನಿನ ಬೆಹಿಸ್ತೂನಿನ ಬಂಡೆಯಲ್ಲಿ ಕೆತ್ತಿಸಿದ್ದಾನೆ. ಅಂಥವನ ಎದುರು, ರಾಜ್ಯಗಳ ಸಿಂಹಾಸನ ಕವಿಚಿಬೀಳುತ್ತದೆ, ಜೆರುಬ್ಬಾಬೆಲನು ದೇವರ ಅಧಿಕಾರದ ಗುರುತಾದ ಮುದ್ರೆಯುಂಗುರವಾಗುತ್ತಾನೆ ಎಂದು ಹಗ್ಗಾಯ ಸಾರಿದ. ಸಾಮ್ರಾಜ್ಯ ಅಲುಗಲಿಲ್ಲ. 515ರ ಪ್ರತಿಷ್ಠೆಯ ವರ್ಣನೆಯಲ್ಲಿ ಜೆರುಬ್ಬಾಬೆಲನ ಹೆಸರೇ ಇಲ್ಲ.

ದೇವಾಲಯ ಮುಗಿದು ಎಪ್ಪತ್ತು ವರ್ಷವಾಗಿತ್ತು. ನೆಹೆಮೀಯನು ಯೆಹೂದದ ಅಧಿಪತಿಯಾಗಿ ಜೆರುಸಲೇಮಿಗೆ ಬಂದಾಗ ಗಂಡಸರೂ ಹೆಂಗಸರೂ ಕೂಗಿಕೊಳ್ಳುತ್ತಿದ್ದರು: ಬರದಲ್ಲಿ ಕಾಳಿಗಾಗಿ ಹೊಲ, ತೋಟ, ಮನೆ ಒತ್ತೆಯಿಟ್ಟಿದ್ದೇವೆ, ಅರಸನ ಕಪ್ಪಕ್ಕೆ ಸಾಲ ಮಾಡಿದ್ದೇವೆ, ನಮ್ಮ ಹೆಣ್ಣುಮಕ್ಕಳು ಆಗಲೇ ದಾಸಿಯರಾಗಿದ್ದಾರೆ. ಸಾಲ ಕೊಟ್ಟವರು ಅವರ ಸ್ವಂತ ಬಂಧುಗಳೇ. ನೆಹೆಮೀಯನು ಶ್ರೀಮಂತರನ್ನು ಕರೆಸಿ, ಹೊಲ, ತೋಟ, ಮನೆಗಳನ್ನು ಈ ದಿನವೇ ಬಿಟ್ಟುಕೊಡಿ ಎಂದ. ಅವರಿಂದ ಆಣೆ ಹಾಕಿಸಿ, ತನ್ನ ಉಡಿಯನ್ನು ಅವರೆದುರು ಒದರಿ, ಕೊಟ್ಟ ಮಾತಿಗೆ ತಪ್ಪುವವನನ್ನು ದೇವರು ಹೀಗೆಯೇ ಮನೆಯಿಂದ ಒದರಿಬಿಡಲಿ ಎಂದ. ನೆರೆದವರೆಲ್ಲ ಆಮೆನ್ ಎಂದರು.