ಸತ್ಯಾಂಶ: ಮಸಲ್ ಕಾರುಗಳ ಶಕ್ತಿ ರಾತ್ರೋರಾತ್ರಿ ಕುಸಿಯಿತೇ?

‘1971ರವರೆಗೆ ಅಮೆರಿಕದ ಮಸಲ್ ಕಾರುಗಳು ರಾಕ್ಷಸರಂತಿದ್ದವು, 1972ರಲ್ಲಿ ಸರ್ಕಾರದ ಒಂದೇ ಆದೇಶಕ್ಕೆ ಶಕ್ತಿ ಕಾಲು ಭಾಗ ಮಾಯವಾಯಿತು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. (ಮಸಲ್ ಕಾರು ಎಂದರೆ ದೊಡ್ಡ, ಬಲಶಾಲಿ ಎಂಜಿನ್ ಇರುವ ವೇಗದ ಅಮೆರಿಕನ್ ಕಾರು.) ಇದು ಅರ್ಧ ಸತ್ಯ.

ಬದಲಾದದ್ದು ಮುಖ್ಯವಾಗಿ ಅಳತೆಯ ಕ್ರಮ. ಹಿಂದೆ ‘ಗ್ರಾಸ್’ ಲೆಕ್ಕವಿತ್ತು. ಎಂಜಿನ್ ಒಂದನ್ನೇ ಪರೀಕ್ಷಾ ಸ್ಟ್ಯಾಂಡ್‌ಗೆ ಏರಿಸಿ, ಏರ್ ಫಿಲ್ಟರ್, ಫ್ಯಾನ್, ಸೈಲೆನ್ಸರ್ ಯಾವುದರ ಹೊರೆಯೂ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ‘ನೆಟ್’ ಲೆಕ್ಕ: ಕಾರಿನಲ್ಲಿರುವಂತೆ ಇವೆಲ್ಲವನ್ನೂ ಜೋಡಿಸಿಯೇ ಅಳತೆ.

ಷೆವರ್ಲೆ ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ ನೋಡಿ. 1971ರಲ್ಲಿ 330 ಅಶ್ವಶಕ್ತಿ, 1972ರಲ್ಲಿ 255. ಸಂದೇಶ ಕಳಿಸುವವರು ಇಲ್ಲಿಗೇ ನಿಲ್ಲುತ್ತಾರೆ. ಆದರೆ 1971ರ ಅದೇ ಎಂಜಿನ್‌ನ ನೆಟ್ ಅಂಕಿ 275. ಅಂದರೆ ನಿಜವಾದ ಇಳಿಕೆ 20 ಮಾತ್ರ!

ಹಾಗಂತ ಶಕ್ತಿ ಕುಂದಲೇ ಇಲ್ಲ ಎನ್ನುವಂತಿಲ್ಲ. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಿಸಲು ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ 1971ರಲ್ಲೇ ಎಂಜಿನ್‌ಗಳ ಕಂಪ್ರೆಷನ್ (ಉರಿಯುವ ಮುನ್ನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸಿತ್ತು. ಗ್ರಾಸ್ ಲೆಕ್ಕದಲ್ಲೇ ಎಲ್‌ಟಿ-1 ಆಗಲೇ 370ರಿಂದ 330ಕ್ಕೆ ಬಂದಿತ್ತು.

ಹಳೆಯ ಕಾರು ಕೊಂಡು ತಮ್ಮಿಷ್ಟದಂತೆ ಕಟ್ಟಿ, ಕಾಲು ಮೈಲಿಯ ಡ್ರ್ಯಾಗ್ ರೇಸ್‌ಗೆ (ನೇರ ಹಾದಿಯ ಓಟದ ಸ್ಪರ್ಧೆ) ಇಳಿಸುವವರಿಗೆ ಗ್ರಾಸ್-ನೆಟ್ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೊದಲು ಕೈಹಾಕುವುದೇ ಎಕ್ಸಾಸ್ಟ್‌ಗೆ, ಅಂದರೆ ಹೊಗೆ ಹೊರಹೋಗುವ ದಾರಿಗೆ: ಎಂಜಿನ್‌ನಿಂದ ಹೊಗೆ ಒಟ್ಟುಗೂಡಿಸುವ ಕಂಪನಿಯ ಇಕ್ಕಟ್ಟಾದ ಮ್ಯಾನಿಫೋಲ್ಡ್ ಬಿಚ್ಚಿ ಉದ್ದ ಕೊಳವೆಗಳ ಹೆಡರ್ ಕೂರಿಸುತ್ತಾರೆ. ಆಮೇಲೆ ಕಾರನ್ನೇ ಡೈನೋ (ಶಕ್ತಿ ಅಳೆಯುವ ಯಂತ್ರ) ರೋಲರ್ ಮೇಲೆ ನಿಲ್ಲಿಸಿ ಚಕ್ರದ ಬಳಿ ಅಳೆಯುತ್ತಾರೆ. ಗೇರ್‌ಬಾಕ್ಸ್, ಆ್ಯಕ್ಸಲ್ ತಮ್ಮ ಪಾಲು ತಿಂದಿರುವುದರಿಂದ ಅಲ್ಲಿ ಕಾಣುವ ಅಂಕಿ ಅದೇ ಎಂಜಿನ್‌ನ ನೆಟ್‌ಗಿಂತಲೂ ಕಡಿಮೆ.