ಬಿದ್ದದ್ದಲ್ಲ, ನಮಸ್ಕಾರ

ಇಂದು ಬೆಳಿಗ್ಗೆ ಏಳೂಕಾಲಿಗೆ ಮೈಸೂರಿನ ಸರಸ್ವತೀಪುರದ ನಮ್ಮ ಮನೆಯಲ್ಲಿ ನಾನು ದೇವರಿಗೆ ಸಾಷ್ಟಾಂಗ ನಮಸ್ಕಾರ ಮಾಡಿದೆ. ಅದೇ ಕ್ಷಣದಲ್ಲಿ, ಅಂದರೆ ಅಲ್ಲಿಯ ಲೆಕ್ಕದಲ್ಲಿ ಹಿಂದಿನ ರಾತ್ರಿ ಎಂಟೂಮುಕ್ಕಾಲಿಗೆ, ಅಮೆರಿಕದ ಡಲ್ಲಾಸ್‌ನಲ್ಲಿ ನಾನು ಬಿದ್ದೆ. ಬಿದ್ದೆನೆಂದು ಹೇಳಿದ್ದು ನನ್ನ ಎಡಗೈಯ ಗಡಿಯಾರ, ನಂಬಿದ್ದು ನನ್ನ ಮಗ, ಓಡಿ ಬಂದದ್ದು ಎದುರು ಮನೆಯ ರಾಯರು. ಮೂವರಲ್ಲಿ ಒಬ್ಬರಾದರೂ ಮೊದಲು ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು. ಗಡಿಯಾರ ಕೇಳಿತಂತೆ. ನನಗೆ ಕೇಳಿಸಲಿಲ್ಲ, ಏಕೆಂದರೆ ಶ್ರವಣಯಂತ್ರವನ್ನು ಸ್ನಾನಕ್ಕೆ ಹೋಗುವಾಗ ತೆಗೆದು ಕನ್ನಡಿಯ ಮುಂದೆ ಇಟ್ಟಿದ್ದೆ.

ಈ ಗಡಿಯಾರ ನಮ್ಮ ಮನೆಗೆ ಸುಮ್ಮನೆ ಬರಲಿಲ್ಲ. ಎರಡು ವರ್ಷಗಳ ಹಿಂದೆ ನನ್ನ ಹೆಂಡತಿ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ನಾನು ಆಗ ನಂಜುಮಳಿಗೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಹುಳುಕಿಲ್ಲದ ಬದನೆಕಾಯಿಗಾಗಿ ನಾನು ನಾಲ್ಕು ಅಂಗಡಿ ತಿರುಗಿ ಬರುವಷ್ಟರಲ್ಲಿ ಆಕೆ ಒದ್ದೆ ನೆಲದ ಮೇಲೆ ನಲವತ್ತು ನಿಮಿಷ ಬಿದ್ದಿದ್ದಳು. ಆ ನಲವತ್ತು ನಿಮಿಷಗಳನ್ನು ಮಕ್ಕಳು ಮರೆತಿಲ್ಲ, ನಾನೂ ಮರೆತಿಲ್ಲ. ಆದಕಾರಣ ಈ ಯಂತ್ರಗಳ ವಿರುದ್ಧ ಮನೆಯಲ್ಲಿ ಬಾಯಿಬಿಟ್ಟು ಮಾತನಾಡುವ ಅರ್ಹತೆ ನನಗಿಲ್ಲ. ಇಲ್ಲಿ ಬರೆದು ಹಗುರಾಗುತ್ತಿದ್ದೇನೆ.

ಆ ವರ್ಷ ಡಿಸೆಂಬರ್ ರಜೆಗೆ ಬಂದ ಮಗನ ಪೆಟ್ಟಿಗೆಗಳಲ್ಲಿ ಎಂದಿನಂತೆ ಚಾಕೊಲೇಟು, ಬಾದಾಮಿ ಇರಲಿಲ್ಲ. ಬಿಳಿಯ ಸಣ್ಣ ಸಣ್ಣ ಡಬ್ಬಿಗಳಿದ್ದವು. ಹದಿನೈದು ದಿನಗಳ ರಜೆಯಲ್ಲಿ ಹನ್ನೆರಡು ದಿನ ಅವನು ಏಣಿಯ ಮೇಲಿದ್ದ. ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದ ನಾವಿಬ್ಬರೂ ಅವನ ಮುಖಕ್ಕಿಂತ ಹೆಚ್ಚಾಗಿ ಅವನ ಪಾದಗಳನ್ನೇ ನೋಡಿದೆವು.

ಎಲ್ಲವನ್ನೂ ಬೈದರೆ ಪಾಪ ಬಂದೀತು. ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ನೆಲದಂಚಿನಲ್ಲಿ ಹಾಕಿರುವ ಮಂದ ದೀಪಗಳಿಗೆ ನಾನು ನಿಜವಾಗಿಯೂ ಋಣಿ. ರಾತ್ರಿ ಎರಡು ಗಂಟೆಗೆ ಕಾಲು ನೆಲಕ್ಕಿಟ್ಟೊಡನೆ ಅವು ತಾವಾಗಿಯೇ ಹೊತ್ತಿಕೊಳ್ಳುತ್ತವೆ, ಸ್ವಿಚ್ಚಿಗಾಗಿ ಗೋಡೆ ತಡಕಾಡುವ ಕಷ್ಟ ತಪ್ಪಿದೆ. ಅನಿಲ ಸೋರಿಕೆಯನ್ನು ಪತ್ತೆಹಚ್ಚುವ ಪೆಟ್ಟಿಗೆಯೂ ಒಳ್ಳೆಯದೇ. ಆದರೆ ಅದನ್ನು ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಹುಡುಗ ಸೀದಾ ಚಾವಣಿಯ ಹತ್ತಿರ ಮೊಳೆ ಹೊಡೆದ. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ಮೇಲೆ ಹರಡುತ್ತದೆ, ಪೆಟ್ಟಿಗೆ ಮೊಣಕಾಲಿನ ಮಟ್ಟದಲ್ಲಿರಬೇಕು ಎಂದು ನಾನು ಹೇಳಿದರೆ, ‘ಎಲ್ಲರ ಮನೇಲೂ ಮೇಲೇ ಹಾಕೋದು ಸಾರ್’ ಎಂದ. ಮೂವತ್ತೇಳು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಮಾತಿಗೆ ಇಷ್ಟು ಬೆಲೆ. ಕೊನೆಗೆ ಡಲ್ಲಾಸ್‌ನಿಂದ ಮಗ ಹೇಳಿದ ಮೇಲೆಯೇ ಅದು ಕೆಳಗಿಳಿದದ್ದು. ಹಜಾರದ ಕ್ಯಾಮೆರಾಗೆ, ಹಿಂದೆ ಟಿ.ವಿ.ಯ ಮೇಲೆ ಹಾಕುತ್ತಿದ್ದ ಕ್ರೋಷಾ ಹೊದಿಕೆಯನ್ನು ನನ್ನ ಹೆಂಡತಿ ಹುಡುಕಿ ತೆಗೆದು ಹೊದಿಸಿದ್ದಾಳೆ. ಮಗನಿಗೆ ಕಾಣುವುದು ಬಿಳಿ ನೂಲಿನ ಹೂವುಗಳು ಮಾತ್ರ. ಅವನು ಏಕೋ ಆ ವಿಷಯ ಎತ್ತಿಲ್ಲ.

ಬಚ್ಚಲಿನ ದೀಪದ ಸಂಗತಿ ಸ್ವಲ್ಪ ಬೇರೆ. ಅದರ ಕಣ್ಣಿಗೆ ಬೆಚ್ಚಗಿನ ಮೈ ಚಲಿಸಿದರೆ ಮಾತ್ರ ಮನುಷ್ಯನಿದ್ದಾನೆಂದು ಗೊತ್ತಾಗುತ್ತದೆ, ಅಲುಗಾಡದೆ ಕೂತರೆ ಆ ಮನುಷ್ಯನಿಲ್ಲ. ಈ ವಯಸ್ಸಿನಲ್ಲಿ ಅಲ್ಲಿ ಅಲುಗಾಡದೆ ಕೂರುವುದೇ ಮುಖ್ಯ ಕೆಲಸವೆಂಬುದು ಅದನ್ನು ತಯಾರಿಸಿದ ಹುಡುಗರಿಗೆ ಹೊಳೆದಂತಿಲ್ಲ. ಸಂಪಾದಕೀಯದ ಎರಡನೆಯ ಪ್ಯಾರಾ ತಲುಪುವಷ್ಟರಲ್ಲಿ ದೀಪ ಆರುತ್ತದೆ. ಕತ್ತಲಲ್ಲಿ ಕೂತಲ್ಲೇ ಎರಡೂ ಕೈಗಳನ್ನೆತ್ತಿ, ಕೊನೆಯ ಬಸ್ಸನ್ನು ನಿಲ್ಲಿಸುವವನಂತೆ ಬೀಸುತ್ತೇನೆ.

ಈಗ ಗಡಿಯಾರಕ್ಕೆ ಬರುತ್ತೇನೆ. ಅದರೊಳಗೆ ವೇಗದ ಏರಿಳಿತವನ್ನು ಅಳೆಯುವ ಒಂದು ಪುಟ್ಟ ಸಾಧನವಿದೆ. ಮನುಷ್ಯ ಬೀಳುವಾಗ ಆ ಅಳತೆ ಕ್ಷಣಕಾಲ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ, ನೆಲ ತಾಕಿದಾಗ ಥಟ್ಟನೆ ಮೇಲೇರುತ್ತದೆ, ಬಿದ್ದವನು ಏಳಲಾರದೆ ಹೋದರೆ ಆಮೇಲೆ ಎಲ್ಲವೂ ನಿಶ್ಚಲ. ಇಳಿತ, ಏಟು, ನಿಶ್ಚಲತೆ ಈ ಮೂರೂ ಕ್ರಮವಾಗಿ ಬಂದರೆ ಗಡಿಯಾರ ‘ಇದು ಪತನ’ ಎಂದು ತೀರ್ಮಾನಿಸುತ್ತದೆ. ಮುಕ್ತ ಪತನದ ಪಾಠವನ್ನು ಹತ್ತಿರ ಹತ್ತಿರ ನಾಲ್ಕು ದಶಕ ಕರಿಹಲಗೆಯ ಮೇಲೆ ಬರೆದವನು ನಾನು. ತರ್ಕದಲ್ಲಿ ತಪ್ಪು ಹುಡುಕಲಾರೆ. ತಪ್ಪೇನಿದ್ದರೂ ಅದು ನನ್ನ ನಮಸ್ಕಾರದಲ್ಲಿದೆ.

ಹೇಗೆಂದರೆ, ಎಪ್ಪತ್ತೊಂದು ವರ್ಷದ ಮಂಡಿಗಳಿರುವವನ ಸಾಷ್ಟಾಂಗ ನಮಸ್ಕಾರ ಕಂತುಗಳಲ್ಲಿ ನಡೆಯುವ ಕೆಲಸ. ಮೊದಲು ದೇವರ ಮಂಟಪದ ಅಂಚನ್ನು ಹಿಡಿದು ಬಲ ಮಂಡಿಯನ್ನು ಊರುತ್ತೇನೆ. ‘ಅಮ್ಮಾ’ ಎಂದು ಎಡ ಮಂಡಿಯನ್ನು ಊರುತ್ತೇನೆ. ಇದನ್ನು ನನ್ನ ಹೆಂಡತಿ ಬಹುಕಾಲ ದೇವಿಯ ಸ್ಮರಣೆಯೆಂದೇ ತಿಳಿದಿದ್ದಳು. ಆಮೇಲೆ ಕೈಗಳನ್ನು ಮುಂದಕ್ಕೆ ಸರಿಸುತ್ತ ಸರಿಸುತ್ತ ಇಳಿದು, ಎದೆಗೂ ನೆಲಕ್ಕೂ ಅರ್ಧ ಅಡಿ ಉಳಿದಿರುವಾಗ ತೋಳುಗಳ ಶಕ್ತಿ ಮುಗಿಯುತ್ತದೆ. ಆ ಕೊನೆಯ ಅರ್ಧ ಅಡಿಯನ್ನು ನಾನು ಗುರುತ್ವಾಕರ್ಷಣೆಗೆ ಒಪ್ಪಿಸುತ್ತೇನೆ. ಧೊಪ್ಪನೆ ಸದ್ದಾಗುತ್ತದೆ. ಗಡಿಯಾರ ಕಂಡದ್ದು ಅದನ್ನೇ; ನ್ಯಾಯಾಲಯದಲ್ಲಿ ನಿಲ್ಲಿಸಿ ಕೇಳಿದರೆ ಅದು ಸುಳ್ಳು ಹೇಳಿತೆಂದು ನಾನು ಪ್ರಮಾಣ ಮಾಡಲಾರೆ.

ಇಷ್ಟು ಕಷ್ಟಪಟ್ಟು ಮಲಗಿದ ಮೇಲೆ ತಕ್ಷಣ ಏಳುವುದು ಬುದ್ಧಿವಂತರ ಲಕ್ಷಣವಲ್ಲ. ಎದೆ, ತಲೆ, ದೃಷ್ಟಿ, ಮನಸ್ಸು, ಮಾತು, ಕಾಲು, ಕೈ, ಮಂಡಿ ಎಂದು ಶಾಸ್ತ್ರ ಎಂಟು ಅಂಗಗಳನ್ನು ಎಣಿಸಿದೆ. ಅಷ್ಟನ್ನೂ ನೆಲದವರೆಗೆ ಸಾಗಿಸಿದ ಖರ್ಚಿಗೆ ತಕ್ಕಷ್ಟು ಅಹವಾಲುಗಳನ್ನು ನಾನು ಅಲ್ಲಿಯೇ ಸಲ್ಲಿಸಿ ಮುಗಿಸುತ್ತೇನೆ. ಹೆಂಡತಿಯ ಮಣಿಕಟ್ಟು, ಬೆಂಗಳೂರಿನ ಮಗಳ ವರ್ಗಾವಣೆ, ಮೊಮ್ಮಗಳ ಪರೀಕ್ಷೆ, ಹೀಗೆ ಒಂದೊಂದಾಗಿ. ಎಲ್ಲ ಮುಗಿದ ಮೇಲೂ ಏಳುವುದಕ್ಕೆ ಶಕ್ತಿ ಕೂಡಿಸಿಕೊಳ್ಳುವ ಸಲುವಾಗಿ ಇನ್ನಷ್ಟು ಭಕ್ತಿ ಮಾಡುತ್ತೇನೆ. ಗಡಿಯಾರ ಮಾತ್ರ ಎಣಿಸುತ್ತಿರುತ್ತದೆ. ಮೊದಲು ಮಣಿಕಟ್ಟನ್ನು ಗುದ್ದುತ್ತದೆ, ಆಮೇಲೆ ಕೂಗುತ್ತದೆ, ‘ನಾನು ಚೆನ್ನಾಗಿದ್ದೇನೆ’ ಎಂಬ ಗುಂಡಿಯನ್ನು ತೆರೆಯ ಮೇಲೆ ತೋರಿಸುತ್ತದೆ. ಒಂದೆರಡು ಸಲ ಅದು ನನ್ನ ಅರಿವಿಗೂ ಬಂದು, ತಲೆಯೆತ್ತಿ ಗುಂಡಿ ಒತ್ತಿದ್ದುಂಟು. ಆದರೆ ಅಭಿಷೇಕ ಮಾಡಿದ ಒದ್ದೆ ಬೆರಳಿಗೆ ಆ ಗಾಜು ಮಣಿಯುವುದಿಲ್ಲ. ನಾನು ಚೆನ್ನಾಗಿದ್ದೇನೆಂದು ಎಷ್ಟು ಒತ್ತಿ ಹೇಳಿದರೂ ಅದು ಒಪ್ಪುವುದಿಲ್ಲ.

ಇಂದು ನನ್ನ ಅಹವಾಲು ಡಲ್ಲಾಸ್‌ನ ಮಗನ ಹೆಸರಿಗೆ ಬಂದಿತ್ತು. ‘ಅಲ್ಲಿ ಅವನಿಗೆ ಯಾವ ಗಾಬರಿಯೂ ಬಾರದಿರಲಿ’ ಎಂದು ಬೇಡಿಕೊಳ್ಳುತ್ತಿರುವಾಗಲೇ ಅವನ ಊಟದ ಮೇಜಿನ ಮೇಲೆ ಫೋನು ಕಿರುಚಿತಂತೆ. ಅದರಲ್ಲಿ ನನ್ನ ಗಡಿಯಾರದ ಹೆಸರು ‘ಅಪ್ಪ’ ಎಂದಿದೆ. ಆದ್ದರಿಂದ ಚಾರ್ಜು ಕಡಿಮೆಯಾದರೆ ‘ಅಪ್ಪನ ಬ್ಯಾಟರಿ ಶೇಕಡಾ 12’ ಎಂದೂ, ಕರೆಂಟು ಹೋಗಿ ವೈಫೈ ನಿಂತರೆ ‘ಅಪ್ಪ ಆಫ್‌ಲೈನ್’ ಎಂದೂ ಬರುತ್ತದೆ. ಈ ಎರಡಕ್ಕೂ ಅವನು ಈಗೀಗ ಒಗ್ಗಿಕೊಂಡಿದ್ದಾನೆ. ‘ಅಪ್ಪ ಬಿದ್ದಿದ್ದಾರೆ’ ಎಂಬುದಕ್ಕೆ ಒಗ್ಗಿಕೊಳ್ಳುವುದು ಯಾವ ಮಗನಿಗೂ ಸಾಧ್ಯವಿಲ್ಲವೆಂದು ಕಾಣುತ್ತದೆ. ತಾಯಿಗೆ ಫೋನು ಮಾಡಿದ್ದಾನೆ. ಆಕೆ ಶುಕ್ರವಾರವೆಂದು ದೇವಸ್ಥಾನಕ್ಕೆ ಹೋಗಿದ್ದಳು. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ತಗುಲಿಕೊಂಡು ಮನೆ ಕಾಯುತ್ತಿತ್ತು. ಆಗ ಅವನು ಪಟ್ಟಿಯಲ್ಲಿ ಮುಂದಿನ ಹೆಸರಾದ ಎದುರು ಮನೆಯ ರಾಯರನ್ನು ಎಬ್ಬಿಸಿದ. ಅವರು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ, ಕೂತ ಕುರ್ಚಿಯಿಂದಲೇ ಬೀಗವನ್ನೂ ತೆರೆದುಬಿಟ್ಟ.

ರಾಯರಿಗೆ ನನಗಿಂತ ಐದು ವರ್ಷ ಹೆಚ್ಚು. ಅವರ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದೆ. ಇಂಥವರು ಬನಿಯನ್ನು ಪಂಚೆಯಲ್ಲಿ, ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು, ಒಂದು ಚಪ್ಪಲಿಯನ್ನು ಗೇಟಿನಲ್ಲೇ ಕಳೆದುಕೊಂಡು ನನ್ನನ್ನು ಬದುಕಿಸಲು ರಸ್ತೆ ದಾಟಿ ಓಡಿಬರುವ ದೃಶ್ಯವನ್ನು ಆ ಗಡಿಯಾರದ ತಯಾರಕರು ಒಮ್ಮೆ ಬಂದು ನೋಡಬೇಕು. ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು, ಬೋರಲಾಗಿ ಬಿದ್ದ ನನ್ನನ್ನು ಕಂಡು, ನೊರೆಯ ನಡುವಿನಿಂದ ಅವರು ‘ಮೇಷ್ಟ್ರೇ!’ ಎಂದು ಕೂಗಿದ್ದು ಶ್ರವಣಯಂತ್ರವಿಲ್ಲದ ನನಗೂ ಕೇಳಿಸಿತು. ನಾನು ಬೆಚ್ಚಿ ತಲೆಯೆತ್ತಿದೆ. ಅಷ್ಟರಲ್ಲಿ ಅವರು ಪಕ್ಕದಲ್ಲಿದ್ದ ತಂಬಿಗೆಯನ್ನು ಎತ್ತಿ ನನ್ನ ಮುಖಕ್ಕೆ ನೀರು ಚಿಮುಕಿಸಿಯಾಗಿತ್ತು. ಅದು ಅಭಿಷೇಕದ ತೀರ್ಥ. ದೇವರ ಮುಂದೆ ಮಲಗಿದ ಭಕ್ತನಿಗೇ ತೀರ್ಥಾಭಿಷೇಕವಾದದ್ದು ಸರಸ್ವತೀಪುರದಲ್ಲಿ ಇದೇ ಮೊದಲಿರಬೇಕು.

‘ಬಿದ್ದದ್ದಲ್ಲ ರಾಯರೇ, ನಮಸ್ಕಾರ’ ಎಂದೆ.

‘ನಮಸ್ಕಾರ, ನಮಸ್ಕಾರ’ ಎಂದು ಅವರೂ ಕೈಮುಗಿದರು. ಆಮೇಲೆ ಅರ್ಥವಾಗಿ ನಕ್ಕರು, ನಗುವಾಗ ನೊರೆ ಗಂಟಲಿಗಿಳಿದು ಕೆಮ್ಮಿದರು, ಕೆಮ್ಮು ಹೆಚ್ಚಾಗಿ ಹೊಸ್ತಿಲ ಮೇಲೆಯೇ ಕೂತರು. ನಾನು ಮಲಗಿದಲ್ಲಿಂದ ಕೈ ಚಾಚಿ ಅವರ ಬೆನ್ನು ಸವರಬೇಕಾಯಿತು. ಮಗ ಫೋನಿನಲ್ಲಿ ‘ಅಂಕಲ್, ಅಪ್ಪ ಮಾತಾಡ್ತಾ ಇದ್ದಾರಾ? 108ಕ್ಕೆ ಫೋನ್ ಮಾಡಿ ಅಂಕಲ್’ ಎನ್ನುತ್ತಿದ್ದ. ಯಾರಿಗೆಂದು ಮಾಡುವುದು? ಆ ಹೊತ್ತಿನಲ್ಲಿ ಆಂಬುಲೆನ್ಸ್ ಬಂದಿದ್ದರೆ ಅವರನ್ನೇ ಕರೆದೊಯ್ಯುತ್ತಿತ್ತು.

ಕಳೆದ ಮೂರು ತಿಂಗಳಲ್ಲಿ ಇದು ಒಂಬತ್ತನೆಯ ಸಲ. ಒಂಬತ್ತು ಸಲವೂ ರಾಯರು ಕಾಫಿ ಕುಡಿಯದೆ ಹಿಂದಿರುಗಿಲ್ಲ. ‘ಬೇಡ ಬೇಡ’ ಎನ್ನುತ್ತಲೇ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಳ್ಳುತ್ತಾರೆ. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿದು ಸುರಿದು, ನೊರೆಯೆದ್ದ ಮೇಲೂ ಸುರಿಯುತ್ತ, ಮೆಲ್ಬರ್ನ್‌ನ ಮಗಳ ಮನೆಯ ಹಿತ್ತಲಲ್ಲಿ ನಿಂಬೆಗಿಡ ಕಾಯಿ ಬಿಟ್ಟ ಕಥೆಯನ್ನು ಹೇಳುತ್ತಾರೆ. ಆ ನಿಂಬೆಗಿಡ ನನಗೂ ಈಗ ಬಾಯಿಪಾಠವಾಗಿದೆ. ಅವರ ಮಗಳೂ ಇಂಥದೇ ಗಡಿಯಾರ ಕಳಿಸುತ್ತೇನೆಂದು ಎರಡು ಸಲ ಹೇಳಿದ್ದಳಂತೆ. ಇವರೇ ಬೇಡವೆಂದರಂತೆ. ಏಕೆಂದು ಕೇಳಿದ್ದಕ್ಕೆ, ‘ಅದು ಕೂಗಿದರೆ ಓಡಿ ಬರೋರು ಯಾರು ಮೇಷ್ಟ್ರೇ, ನೀವೇ ತಾನೆ? ನಿಮ್ಮ ಮಂಡಿ ನಾನು ನೋಡಿಲ್ವೇ?’ ಎಂದರು. ನಾನು ಬಟ್ಟಲು ಎತ್ತಿಡುವ ನೆಪದಲ್ಲಿ ಒಳಗೆ ಹೋದೆ.

ಜಪಾನಿನ ಜೋಜಿರುಷಿ ಎಂಬ ಕಂಪನಿ 2001ರಲ್ಲಿಯೇ ಇದಕ್ಕೆ ಒಂದು ಉಪಾಯ ಹುಡುಕಿತ್ತು. ನೀರು ಕಾಯಿಸುವ ವಿದ್ಯುತ್ ಕೆಟಲ್ ಅದು, ನೋಡಲು ಬೇರೆ ಕೆಟಲ್‌ಗಳಂತೆಯೇ. ವಯಸ್ಸಾದವರು ಚಹಾಕ್ಕೆಂದು ಅದನ್ನು ಬಳಸಿದರೆ, ದೂರದ ಮಕ್ಕಳಿಗೆ ಇಮೇಲ್‌ನಲ್ಲಿ ಸುದ್ದಿ ಹೋಗುತ್ತದೆ. ಕೂಗಾಟವಿಲ್ಲ, ಗುದ್ದಾಟವಿಲ್ಲ; ಅಮ್ಮ ಚಹಾ ಕುಡಿದಳು, ಅಷ್ಟೇ. ನಮ್ಮ ಕೇರಿಯಲ್ಲಿ ಆ ಕೆಲಸವನ್ನು ರಂಗೋಲಿ ಮಾಡುತ್ತಿತ್ತು. ರಾಯರ ಮನೆಯಾಕೆ ಬದುಕಿದ್ದಾಗ, ಏಳು ಗಂಟೆಯಾದರೂ ನಮ್ಮ ಬಾಗಿಲಲ್ಲಿ ರಂಗೋಲಿ ಬೀಳದಿದ್ದರೆ ಆಕೆ ರಸ್ತೆಯ ಆಚೆಯಿಂದಲೇ ‘ಯಾಕ್ರೀ, ಮೈಗೆ ಹುಷಾರಿಲ್ವೇ?’ ಎಂದು ಕೂಗಿ ಕೇಳುತ್ತಿದ್ದರು. ನನ್ನ ಹೆಂಡತಿ ಬಿದ್ದ ದಿನ ನಮ್ಮ ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಆ ಹೊತ್ತಿಗೆ ರಾಯರ ಮನೆಯಾಕೆ ಹೋಗಿ ಎರಡು ವರ್ಷವಾಗಿತ್ತು.

ಮಗ ಆಮೇಲೆ ಮತ್ತೆ ಫೋನು ಮಾಡಿದ. ಪೂಜೆಗೆ ಕೂರುವ ಮುಂಚೆ ಗಡಿಯಾರವನ್ನು ಬಿಚ್ಚಿಡಬೇಕಂತೆ. ಬಿಚ್ಚಿಟ್ಟದ್ದನ್ನು ಮತ್ತೆ ಕಟ್ಟಿಕೊಳ್ಳಲು ನಾನು ಮರೆಯುತ್ತೇನೆ, ಮರೆತರೆ ಅದಕ್ಕೂ ಒಂದು ಸಂದೇಶ ಅವನಿಗೆ ಹೋಗುತ್ತದೆ, ಆ ಸಂದೇಶಕ್ಕೆ ಅವನು ಫೋನು ಮಾಡುತ್ತಾನೆ, ಆ ಫೋನನ್ನು ನಾನು ಎತ್ತದಿದ್ದರೆ ರಾಯರೇ ಬರುತ್ತಾರೆ. ಇಲ್ಲದಿದ್ದರೆ ನಿಂತೇ ಕೈಮುಗಿಯಬೇಕಂತೆ. ‘ದೇವರಿಗೆ ಅರ್ಥವಾಗುತ್ತೆ ಅಪ್ಪಾ’ ಎಂದ. ದೇವರಿಗೆ ಅರ್ಥವಾಗುತ್ತದೆ, ಗಡಿಯಾರಕ್ಕಾಗುವುದಿಲ್ಲ, ಆದ್ದರಿಂದ ದೇವರೇ ಹೊಂದಿಕೊಳ್ಳಬೇಕು ಎಂಬುದು ಅವನ ವಾದ. ನೋಡೋಣ ಎಂದು ಫೋನಿಟ್ಟೆ.

ಹೋದ ತಿಂಗಳು ನನಗೆ ನೆಗಡಿ ಜ್ವರ ಬಂದು ಎಂಟು ದಿನ ಪೂಜೆ ತಪ್ಪಿತ್ತು, ಗಡಿಯಾರ ತೆಪ್ಪಗಿತ್ತು. ಒಂಬತ್ತನೆಯ ದಿನ ರಾಯರು ತಾವಾಗಿಯೇ ಗೇಟು ತೆರೆದುಕೊಂಡು ಬಂದರು. ಹಜಾರದಲ್ಲಿ ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಎಲ್ಲಾ ಸರಿಯಾಗಿದೆ ತಾನೆ ಮೇಷ್ಟ್ರೇ? ಒಂದು ವಾರದ ಮೇಲಾಯ್ತು, ನೀವು ಬಿದ್ದೇ ಇಲ್ಲ’ ಎಂದಿದ್ದರು.

ಇಂದು ಕಾಫಿ ಮುಗಿಸಿ, ಗೇಟಿನಲ್ಲಿ ಬಿದ್ದಿದ್ದ ಚಪ್ಪಲಿಯನ್ನು ಮೆಟ್ಟಿಕೊಳ್ಳುತ್ತ ಅವರು ತಿರುಗಿ ನೋಡಿದರು.

‘ನಾಳೆ ನಮಸ್ಕಾರ ಎಷ್ಟು ಗಂಟೆಗೆ?’

‘ಏಳೂಕಾಲಿಗೇ’ ಎಂದೆ.

‘ಹಾಗಾದರೆ ಹಲ್ಲುಜ್ಜಿಕೊಂಡೇ ಬರ್ತೀನಿ’ ಎಂದರು.